ಗಾಡಿ ಕಾಂಬುಕ್ ಯಾರಿದ್ರ್?

2019ರ ಏಪ್ರಿಲ್ ಕೊನೆಯ ವಾರ. ಡೊಂಬಿವಲಿಯ ನಮ್ಮ ಮನೆಯಲ್ಲಿ ನೆಲದ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದೆ. ನೇಪಾಳಕ್ಕೆ ಬೈಕಿನಲ್ಲಿ ಒಬ್ಬನೇ ಹೋಗಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಎರಡು ದಿನವಾಗಿತ್ತು. ಅಪ್ಪ ಆ ವಿಷಯ ಎತ್ತಿರಲಿಲ್ಲ. ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದ್ದು ಒಂದೇ ಮಾತು: ‘ನೀ ಉಂಬುಕ್ ಹೋಪತಿಗೆ ಗಾಡಿ ಕಾಂಬುಕ್ ಯಾರಿದ್ರ್?’

ಅಮ್ಮ ಕುಂದಾಪುರದ ಕಡೆಯವಳು. ಮದುವೆಯಾಗಿ ಮುಂಬೈಗೆ ಬಂದು ನಲವತ್ತು ವರ್ಷವಾದರೂ ಅವಳ ಮಾತು ಊರಿನದೇ. ನೀನು ಊಟಕ್ಕೆ ಹೋದಾಗ ಗಾಡಿ ನೋಡಿಕೊಳ್ಳುವುದಕ್ಕೆ ಯಾರಿದ್ದಾರೆ ಎಂದು ಕೇಳಿದ್ದಳು. ಅಪಘಾತವಾದರೆ ಏನು ಗತಿ, ಕಾಯಿಲೆ ಬಿದ್ದರೆ ಯಾರು ದಿಕ್ಕು, ದುಡ್ಡಿಗೇನು ಮಾಡುತ್ತೀ ಎಂಬ ಪ್ರಶ್ನೆಗಳಿಗೆಲ್ಲ ನಾನು ಉತ್ತರ ಜೋಡಿಸಿಟ್ಟುಕೊಂಡಿದ್ದೆ. ಇದೊಂದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಅವಳಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಕೊಂಕಣ ರೈಲು 1998ರ ಜನವರಿಯಲ್ಲಿ ಪೂರ್ತಿಯಾಗಿ ಓಡುವ ಮೊದಲು, ಮುಂಬೈನ ಕರಾವಳಿ ಕನ್ನಡಿಗರಿಗೆ ಮೇ ತಿಂಗಳೆಂದರೆ ಊರಿಗೆ ಹೋಗುವ ಬಸ್ಸು. ಮಕ್ಕಳಿಗೆ ಶಾಲೆ ರಜೆ, ಊರಲ್ಲಿ ಮದುವೆ, ನೇಮ, ಹಲಸು, ಮಾವು. ಪನ್ವೇಲ್, ಮಹಾಡ್, ಕಶೇಡಿ ಘಾಟಿ, ಚಿಪ್ಳೂಣ್ ಎಂದು ಹಗಲೂ ರಾತ್ರಿ ಕೂತ ಪ್ರಯಾಣ. ಅಪ್ಪನಿಗೆ ಮಾಟುಂಗಾದ ಹೋಟೆಲಿನಲ್ಲಿ ರಜೆ ಸಿಗದೆ, ಅಮ್ಮ ನಮ್ಮಿಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಹೋಗುತ್ತಿದ್ದಳು. ಬಸ್ಸು ಚಹಾಕ್ಕೆ ನಿಂತಲ್ಲೆಲ್ಲ ಅವಳಿಗೆ ಒಂದೇ ಚಿಂತೆ: ಮಕ್ಕಳನ್ನು ಇಳಿಸಿದರೆ ಸಾಮಾನು ಕಾಯುವವರಿಲ್ಲ, ಸಾಮಾನು ಕಾದರೆ ಮಕ್ಕಳ ಜೊತೆ ಹೋಗುವವರಿಲ್ಲ. ಕೊನೆಗೆ ಹಿಂದಿನ ಸೀಟಿನ ಯಾರಾದರೂ ಹೆಂಗಸಿಗೆ ಹೇಳಿ ಇಳಿಯುತ್ತಿದ್ದಳು. ಒಬ್ಬರೇ ಪ್ರಯಾಣ ಮಾಡುವುದೆಂದರೆ ಏನೆಂದು ನನಗಿಂತ ಮೊದಲು ತಿಳಿದವಳು ಅವಳು.

ಮುಂಬೈನಲ್ಲಿ ಬೆಳೆದವರಿಗೆ ಇದು ಇನ್ನೊಂದು ಬಗೆಯಲ್ಲಿ ಗೊತ್ತು. ಲೋಕಲ್ ರೈಲಿನಲ್ಲಿ ಸೀಟು ಸಿಗದವನು ತನ್ನ ಚೀಲವನ್ನು ಕೂತವನ ಕೈಗೆ ಕೊಡುತ್ತಾನೆ, ಅಥವಾ ಮೇಲಿನ ಹಲಗೆಗೆ ದಾಟಿಸುತ್ತಾನೆ. ‘ಭಾಯ್, ಜರಾ ದೇಖನಾ’ ಎಂದರೆ ಮುಗಿಯಿತು. ಹೆಸರು ಗೊತ್ತಿಲ್ಲ, ಮುಖ ಸರಿಯಾಗಿ ಕಂಡಿಲ್ಲ. ಆದರೂ ಠಾಣೆಯಲ್ಲಿ ಇಳಿಯುವಾಗ ಚೀಲ ಕೈಯಿಂದ ಕೈಗೆ ದಾಟಿ ಬಾಗಿಲ ತನಕ ಬರುತ್ತದೆ. ಇಂಥ ಊರಿನಿಂದ ಒಬ್ಬರೇ ಹೊರಡುವವರು ಬಿಟ್ಟುಹೋಗುವ ದೊಡ್ಡ ಆಸ್ತಿ ಈ ಕೈಗಳು.

ಮುಂಬೈನಿಂದ ದೂರ ದೇಶಗಳಿಗೆ ರಸ್ತೆ ಹಿಡಿದು ಹೋದವರ ಕಥೆ ನೂರು ವರ್ಷಕ್ಕೂ ಹಳೆಯದು. 1923ರ ಅಕ್ಟೋಬರ್ 15ರಂದು ಬಾಂಬೆ ವೇಟ್‌ಲಿಫ್ಟಿಂಗ್ ಕ್ಲಬ್ಬಿನ ಆರು ಪಾರ್ಸಿ ಹುಡುಗರು ಸೈಕಲ್ ಹತ್ತಿ ಜಗತ್ತು ಸುತ್ತಲು ಹೊರಟರು. ಎಲ್ಲರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು. ಪಂಜಾಬ್, ಬಲೂಚಿಸ್ತಾನ, ಇರಾನ್, ಇರಾಕ್ ದಾರಿ. ಬಾಗ್ದಾದಿನಿಂದ ಅಲೆಪ್ಪೊವರೆಗಿನ 956 ಕಿಲೋಮೀಟರ್ ಮರುಭೂಮಿಯನ್ನು 23 ದಿನಗಳಲ್ಲಿ ದಾಟಿದರು. ಮುಂದೆ ಈಜಿಪ್ಟ್, ಯುರೋಪ್, ಅಮೆರಿಕ, ಜಪಾನ್, ಕೊರಿಯಾ, ಚೀನಾ, ಬರ್ಮಾ. ಅದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರು 1928ರ ಮಾರ್ಚ್ 18ರಂದು ಮುಂಬೈಗೆ ಮರಳಿದಾಗ ಸೈಕಲ್ ತುಳಿದದ್ದು ಸುಮಾರು 71,000 ಕಿಲೋಮೀಟರ್. ಆಮೇಲೆ ಅವರು ಬರೆದ ಪುಸ್ತಕಕ್ಕೆ ಜವಾಹರಲಾಲ್ ನೆಹರೂ ಮುನ್ನುಡಿ ಕೊಟ್ಟರು.

ಹೊರಟವರು ಆರು, ಸುತ್ತು ಮುಗಿಸಿ ಬಂದವರು ಮೂರು. ಒಬ್ಬ ಟೆಹರಾನಿನಿಂದಲೇ ಹಿಂದಿರುಗಿದ, ಒಬ್ಬ ಅಮೆರಿಕದಿಂದ ವಾಪಸಾದ, ಮತ್ತೊಬ್ಬ ಅಮೆರಿಕದಲ್ಲೇ ನೆಲೆ ನಿಂತ. ಆರು ಜನ ಸೇರಿ ಹೊರಟರೆ ಆರು ಮನಸ್ಸುಗಳನ್ನು ಒಂದೇ ದಾರಿಯಲ್ಲಿ ನಡೆಸಬೇಕು. ಅದೂ ನಾಲ್ಕೂವರೆ ವರ್ಷ.

ಇವರಿಗಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವವನು ಫ್ರಾಮ್‌ರೋಜ್ ದಾವರ್. ಮುಂಬೈನ ಕ್ರೀಡಾ ಪತ್ರಕರ್ತ. ಆ ಆರು ಜನ ಹೊರಟ ಮೂರೇ ತಿಂಗಳಲ್ಲಿ, 1924ರ ಜನವರಿಯಲ್ಲಿ ಒಬ್ಬನೇ ಸೈಕಲ್ ಹತ್ತಿದ. ತಂಡವಿಲ್ಲ, ಜೊತೆಗಾರನಿಲ್ಲ. ತಿಂಗಳುಗಟ್ಟಲೆ ಹಾಗೆಯೇ ಒಬ್ಬನೇ ಸಾಗಿ ಆಸ್ಟ್ರಿಯಾದ ವಿಯೆನ್ನಾ ಮುಟ್ಟಿದ. ಅಲ್ಲಿ ಗುಸ್ತಾವ್ ಸ್ತಾವ್ಯಾನಿಕ್ ಎಂಬ ಸೈಕಲ್ ಸವಾರನ ಪರಿಚಯವಾಯಿತು. ಅಲ್ಲಿಂದ ಮುಂದೆ ಇಬ್ಬರೂ ಜೊತೆ. ಸಹಾರಾ ದಾಟಿದರು, ಆಂಡೀಸ್ ಪರ್ವತ ಹತ್ತಿದರು, ಅಮೆಜಾನ್ ಕಾಡು ಹೊಕ್ಕರು. ದಾವರ್ ಮುಂಬೈಗೆ ಮರಳಿದ್ದು 1931ರಲ್ಲಿ. ಏಳು ವರ್ಷ, 52 ದೇಶ, 1,10,000 ಕಿಲೋಮೀಟರ್. ಆಂಡೀಸ್, ಸಹಾರಾ, ಅಮೆಜಾನ್ ಮೂರರ ಮೇಲೂ ಒಂದೊಂದು ಪುಸ್ತಕ ಬರೆದ.

ವಿಯೆನ್ನಾದ ಆ ಭೇಟಿಯ ಬಗ್ಗೆ ನಾನು ಬಹಳ ಸಲ ಯೋಚಿಸಿದ್ದೇನೆ. ಒಬ್ಬನೇ ಹೊರಡುವ ಧೈರ್ಯವಿದ್ದವನಿಗೆ ಜೊತೆ ಸಿಕ್ಕಾಗ ಬೇಡವೆನ್ನದ ದೊಡ್ಡತನವೂ ಇತ್ತು. ಭಾಷೆ ಬೇರೆ, ಊಟ ಬೇರೆ, ದೇಶ ಬೇರೆಯಾದ ಇಬ್ಬರು ವರ್ಷಗಟ್ಟಲೆ ಒಬ್ಬರ ಸೈಕಲನ್ನು ಇನ್ನೊಬ್ಬರು ಕಾಯ್ದರು. ಸಹಾರಾದ ನಡುವೆ ಒಬ್ಬ ನೀರು ಹುಡುಕಲು ಹೋದರೆ ಇನ್ನೊಬ್ಬ ಸಾಮಾನಿನ ಹತ್ತಿರ ನಿಂತಿರುತ್ತಿದ್ದನೆಂದು ನಾನು ಊಹಿಸಿಕೊಳ್ಳುತ್ತೇನೆ. 1933ರಲ್ಲಿ ಮತ್ತೆ ಮೂವರು ಪಾರ್ಸಿಗಳು ಇದೇ ಊರಿನಿಂದ ಸೈಕಲ್ ಮೇಲೆ ಹೊರಟು 1942ರಲ್ಲಿ ಹಿಂದಿರುಗಿದರು. ಅಷ್ಟು ಹೊತ್ತಿಗೆ ಎರಡನೇ ಮಹಾಯುದ್ಧ ಜಗತ್ತಿನ ರಸ್ತೆಗಳನ್ನೆಲ್ಲ ಮುಚ್ಚುತ್ತಿತ್ತು.

ಕನ್ನಡದಲ್ಲಿ ವಿದೇಶ ಪ್ರವಾಸದ ಪುಸ್ತಕಗಳಿಗೆ ಬರವಿಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಓದಿಯೇ ನಮ್ಮಲ್ಲಿ ಅನೇಕರು ಕೂತಲ್ಲೇ ಯುರೋಪ್ ಕಂಡವರು. ಆದರೆ ಸ್ವಂತ ಗಾಡಿಯಲ್ಲಿ, ಮನೆ ಬಾಗಿಲಿನಿಂದಲೇ ರಸ್ತೆ ಹಿಡಿದು ಹೋದವರ ಬರಹ ನಮ್ಮಲ್ಲಿ ಕಡಿಮೆ. ಹೋದವರು ಇಲ್ಲವೆಂದಲ್ಲ. ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಸಿಡ್ನಿಯವರೆಗೆ ಒಬ್ಬರೇ ಬೈಕಿನಲ್ಲಿ ಹೋದರು. ಅವರು ಅದನ್ನು ಕನ್ನಡದಲ್ಲಿ ಬರೆದರೆ ಮೊದಲು ಕೊಳ್ಳುವವನು ನಾನು.

ನನ್ನದು ಅಷ್ಟು ದೊಡ್ಡ ಪ್ರಯಾಣವಲ್ಲ. ಮೇ 4ರ ಬೆಳಗಿನ ಜಾವ ನಾಲ್ಕೂವರೆಗೆ ಡೊಂಬಿವಲಿ ಬಿಟ್ಟೆ. ಕಲ್ಯಾಣ್ ದಾಟಿ, ಪಡಘಾ ಹತ್ತಿರ ನಾಶಿಕ್ ಹೆದ್ದಾರಿ ಸೇರಿ ಕಸಾರಾ ಘಾಟಿ ಏರುವಷ್ಟರಲ್ಲಿ ಬೆಳಕು ಹರಿಯಿತು. ಇದು ಹಳೆಯ ಆಗ್ರಾ ರೋಡು. ಘಾಟ್‌ಕೋಪರ್, ಕುರ್ಲಾದವರು ಇವತ್ತು ಎಲ್‌ಬಿಎಸ್ ಮಾರ್ಗ್ ಎನ್ನುವ ರಸ್ತೆ ಒಂದು ಕಾಲಕ್ಕೆ ಇದರದೇ ತುದಿ. ಧುಳೆ, ಇಂದೋರ್, ಗುನಾ, ಝಾನ್ಸಿ, ಕಾನ್ಪುರ, ಲಖನೌ, ಗೋರಖಪುರ ಎಂದು ನಾಲ್ಕು ದಿನ. ಗಡಿ ಸುನೌಲಿಯಲ್ಲಿ.

ಬೇಸಿಗೆಯಲ್ಲಿ ಏಕೆ ಹೊರಡುತ್ತಾರೆ ಎಂದು ಕೇಳುವವರಿದ್ದಾರೆ. ಮುಂಬೈನವರಿಗೆ ಲೆಕ್ಕ ಸುಲಭ: ಮಳೆ ಹಿಡಿಯುವ ವಾಡಿಕೆಯ ದಿನ ಜೂನ್ 11, ಅದಕ್ಕೆ ಮೊದಲು ಘಾಟಿಗಳನ್ನು ದಾಟಿರಬೇಕು. ದೂರ ಹೋಗುವವರಿಗೆ ಇನ್ನೊಂದು ಲೆಕ್ಕವಿದೆ. ಟಿಬೆಟಿನ, ಮಧ್ಯ ಏಷ್ಯಾದ ಎತ್ತರದ ಕಣಿವೆಗಳಲ್ಲಿ ಹಿಮ ಕರಗುವುದು ಮೇ ಹೊತ್ತಿಗೆ. ಯುರೋಪ್ ಬೆಚ್ಚಗಿರುವುದು ಸೆಪ್ಟೆಂಬರ್ ತನಕ. ಆದರೆ ಮೇ ತಿಂಗಳ ಬುಂದೇಲಖಂಡಕ್ಕೆ ಈ ಲೆಕ್ಕ ಯಾವುದೂ ಗೊತ್ತಿಲ್ಲ. ಝಾನ್ಸಿಯ ಹತ್ತಿರ ಮಧ್ಯಾಹ್ನ ಹನ್ನೆರಡಕ್ಕೆ ಹೆಲ್ಮೆಟಿನ ಗಾಜು ಎತ್ತಿದರೆ ಬಾಣಲೆಯ ಮುಂದೆ ಮುಖ ಹಿಡಿದಂತೆ. ಗಾಜು ಇಳಿಸಿದರೆ ಉಸಿರು ಕಟ್ಟುತ್ತದೆ. ಮೂರನೇ ದಿನದಿಂದ ನಾನು ಬೆಳಿಗ್ಗೆ ನಾಲ್ಕರಿಂದ ಹತ್ತು, ಸಂಜೆ ಐದರಿಂದ ಎಂಟು ಮಾತ್ರ ಓಡಿಸಿದೆ. ನಡುವಿನ ಹೊತ್ತು ಢಾಬಾದ ಚಾರ್‌ಪಾಯಿ ಮೇಲೆ, ಒಂದು ಕಣ್ಣು ಗಾಡಿಯ ಮೇಲೆ. ನಿದ್ದೆ ಬರುತ್ತಿರಲಿಲ್ಲ. ಅಮ್ಮನ ಪ್ರಶ್ನೆ ಅಲ್ಲಿ ಅರ್ಥವಾಗತೊಡಗಿತು.

ಗಡಿ ದಾಟುವುದು ನೇಪಾಳದ ಮಟ್ಟಿಗೆ ಸುಲಭ. ಭಾರತೀಯರಿಗೆ ವೀಸಾ ಬೇಡ, ನಮ್ಮ ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ಗಾಡಿಗೆ ಮಾತ್ರ ‘ಭನ್ಸಾರ್’ ಕಟ್ಟಬೇಕು, ಅಂದರೆ ಸುಂಕ. ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಲೆಕ್ಕ. ಅದರ ಚೀಟಿ ಯಾವಾಗಲೂ ಜೊತೆಗಿರಬೇಕು, ಹೊರಬರುವಾಗ ತೋರಿಸಬೇಕು. ನೂರು ರೂಪಾಯಿಗಿಂತ ದೊಡ್ಡ ಭಾರತೀಯ ನೋಟು ಆಗ ಅಲ್ಲಿ ಚಲಾವಣೆಯಲ್ಲಿರಲಿಲ್ಲ. ಅದಕ್ಕಾಗಿ ಡೊಂಬಿವಲಿಯಲ್ಲೇ ನೂರರ ಎರಡು ಕಟ್ಟು ಒಯ್ದಿದ್ದೆ. ನಮ್ಮ 100 ರೂಪಾಯಿಗೆ ಅವರ 160. ಗಡಿಯಾರ ಹದಿನೈದು ನಿಮಿಷ ಮುಂದೆ ತಿರುಗಿಸಿಕೊಳ್ಳಬೇಕು.

ಬುಟ್ವಲ್ ದಾಟಿ ತಾನ್ಸೇನ್ ಕಡೆಗೆ ಬೆಟ್ಟ ಹತ್ತುವಾಗ ಕ್ಲಚ್ ಕೇಬಲ್ ತುಂಡಾಯಿತು. ಬಲಗಡೆ ಬಂಡೆ, ಎಡಗಡೆ ಕೆಳಗೆಲ್ಲೋ ಹೊಳೆಯ ಸದ್ದು. ತುಂಬಿದ ಬುಲೆಟ್ ಗಾಡಿಯನ್ನು ಏರಿನಲ್ಲಿ ಒಬ್ಬನೇ ತಳ್ಳಲಾಗುವುದಿಲ್ಲ. ಬ್ರೇಕ್ ಬಿಟ್ಟರೆ ಹಿಂದಕ್ಕೆ ಬರುತ್ತದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಕೂತೆ. ಅರ್ಧ ಗಂಟೆಯ ಮೇಲೆ ಕೋಸು ತುಂಬಿದ ಚಿಕ್ಕ ಲಾರಿಯೊಂದು ನಿಂತಿತು. ಚಾಲಕ ಇಳಿದು, ನೋಡಿ, ಏನೂ ಮಾತಾಡದೆ ಕೋಸಿನ ಚೀಲಗಳನ್ನು ಒತ್ತಿ ಜಾಗ ಮಾಡಿದ. ನಾವಿಬ್ಬರೂ, ಅವನ ಕ್ಲೀನರ್ ಹುಡುಗನೂ ಸೇರಿ ಗಾಡಿ ಎತ್ತಿ ಇಟ್ಟೆವು. ತಾನ್ಸೇನಿನ ಮೆಕ್ಯಾನಿಕ್ ಹತ್ತಿರ ಬುಲೆಟ್ಟಿನ ಕೇಬಲ್ ಇರಲಿಲ್ಲ. ಬೇರೆ ಬೈಕಿನ ಉದ್ದದ ಕೇಬಲ್ ತೆಗೆದುಕೊಂಡು, ಹೊರಕವಚವನ್ನು ಇಕ್ಕಳದಲ್ಲಿ ಅಳೆದು ಕತ್ತರಿಸಿ, ಒಳತಂತಿಯ ತುದಿಗೆ ಸೀಸ ಕಾಯಿಸಿ ಹನಿಸಿ ಗುಂಡಿ ಮಾಡಿದ. ಆ ಗುಂಡಿಯನ್ನು ಅರದಲ್ಲಿ ಉಜ್ಜುತ್ತಾ, ಹಿಡಿಯ ಗುಳಿಯಲ್ಲಿ ಕೂರಿಸಿ ನೋಡುತ್ತಾ, ಮತ್ತೆ ತೆಗೆದು ಉಜ್ಜುತ್ತಾ ಮುಕ್ಕಾಲು ಗಂಟೆ ಕಳೆದ. ಆ ಸೀಸದ ಗುಂಡಿ ಇವತ್ತಿಗೂ ನನ್ನ ಮೇಜಿನ ಮೇಲಿದೆ. ಮನೆ ಮುಟ್ಟುವ ತನಕ ಸಡಿಲವಾಗಲಿಲ್ಲ.

ಪೋಖರಾದಲ್ಲಿ ಎರಡು ದಿನ ಮೋಡ. ಮೇ ತಿಂಗಳಲ್ಲಿ ಹಿಮಾಲಯ ಕಾಣುವುದು ಅದೃಷ್ಟ ಎಂದು ಎಲ್ಲರೂ ಹೇಳಿದರು. ಮೂರನೇ ದಿನ ರಾತ್ರಿ ಆಲಿಕಲ್ಲಿನ ಮಳೆ ಸುರಿದು ಬೆಳಗಿನ ಜಾವ ಆಕಾಶ ತೊಳೆದಿಟ್ಟಂತಾಯಿತು. ಬಾಗಿಲು ತೆರೆದು ಹೊರಬಂದರೆ ಮನೆಗಳ ಸೂರಿನ ಮೇಲೆ ಮಚ್ಛಾಪುಛ್ರೆ. 6,993 ಮೀಟರ್ ಎತ್ತರದ ಆ ಶಿಖರದ ತುದಿ ಮಾತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಕೆಳಗಿನದೆಲ್ಲ ಇನ್ನೂ ನೀಲಿ. ನನ್ನ ಬಾಯಿಂದ ‘ಅಯ್ಯೋ, ಕಾಣಿ!’ ಎಂದು ಊರಿನ ಮಾತು ಹೊರಟಿತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಗಾಡಿ ಕೆಟ್ಟಾಗ ಅನಿಸದ ಒಂಟಿತನ ನನಗೆ ಆ ಗಳಿಗೆಯಲ್ಲಿ ಅನಿಸಿತು. ಫೋನ್ ಮಾಡಿದೆ. ಅಲ್ಲಿ ಐದೂವರೆ, ಡೊಂಬಿವಲಿಯಲ್ಲಿ ಐದೂಕಾಲು. ಅಮ್ಮ ನಲ್ಲಿ ನೀರು ಹಿಡಿಯುತ್ತಿದ್ದಳು. ಕೊಡ ತುಂಬುವ ಸದ್ದು ಕೇಳುತ್ತಿತ್ತು. ಬೆಟ್ಟದ ಬಣ್ಣ ಹೇಳುತ್ತಾ ಹೋದೆ, ಅವಳು ಹೂಂಗುಟ್ಟುತ್ತಾ ಹೋದಳು. ಕೊಡ ತುಂಬಿ ನೀರು ಹೊರಗೆ ಚೆಲ್ಲುವ ತನಕ ಅವಳು ನಲ್ಲಿ ನಿಲ್ಲಿಸಲಿಲ್ಲ.

ಕೆಡುಕು ಆದದ್ದು ಹಿಂದಿರುಗುವ ದಾರಿಯಲ್ಲಿ, ನಾರಾಯಣಗಢದ ಹತ್ತಿರ. ರಸ್ತೆಬದಿಯ ತಗಡಿನ ಸೂರಿನ ಚಿಕ್ಕ ಹೋಟೆಲಿನಲ್ಲಿ ದಾಲ್‌ಭಾತ್ ಉಣ್ಣಲು ಕೂತೆ. ಗಾಡಿ ಹತ್ತು ಹೆಜ್ಜೆ ದೂರ. ಕೈ ತೊಳೆಯಲು ಹಿತ್ತಲಿಗೆ ಹೋಗಿ ಬಂದೆ, ಎರಡು ನಿಮಿಷವಿರಬಹುದು. ಟ್ಯಾಂಕಿನ ಮೇಲಿನ ಚೀಲ ಇರಲಿಲ್ಲ. ಅಯಸ್ಕಾಂತದಿಂದ ಅಂಟಿಕೊಳ್ಳುವ ಚೀಲ ಅದು, ಎಳೆದರೆ ಬರುತ್ತದೆ. ಅದರೊಳಗೆ ಕ್ಯಾಮೆರಾ, ಒಂದಿಷ್ಟು ದುಡ್ಡು, ಆರ್‌ಸಿಯ ನಕಲು, ಭನ್ಸಾರ್ ಚೀಟಿ. ಹಣಕ್ಕಿಂತ, ಕ್ಯಾಮೆರಾಕ್ಕಿಂತ ಆ ಚೀಟಿ ಹೋದದ್ದು ಹೊಟ್ಟೆಯೊಳಗೆ ತಣ್ಣಗೆ ಕೂತಿತು. ಚೀಟಿಯಿಲ್ಲದೆ ಗಾಡಿಯನ್ನು ದೇಶದಿಂದ ಹೊರಗೆ ತರುವುದು ಹೇಗೆ?

ಹೋಟೆಲಿನ ಹೆಂಗಸು ನನಗಿಂತ ಹೆಚ್ಚು ನೊಂದಳು. ತನ್ನ ಸೂರಿನ ಕೆಳಗೆ ಹೀಗಾಯಿತಲ್ಲ ಎಂಬುದು ಅವಳ ಸಂಕಟ. ನಾನು ‘ದಿದಿ’ ಎಂದೆ, ಅವಳು ‘ಭಾಇ’ ಎಂದಳು. ಒಲೆಯ ಉರಿ ತಗ್ಗಿಸಿ, ಹತ್ತು ವರ್ಷದ ಮಗನನ್ನು ಕರೆದು ನನ್ನ ಬೈಕಿನ ಸೀಟಿನ ಮೇಲೆ ಕೂರಿಸಿ, ನನ್ನ ಜೊತೆ ಪೊಲೀಸ್ ಚೌಕಿಗೆ ನಡೆದು ಬಂದಳು. ನನಗೆ ಬಾರದ ಭಾಷೆಯಲ್ಲಿ ನನ್ನ ಪರವಾಗಿ ಒಂದು ಗಂಟೆ ಮಾತಾಡಿದಳು. ದೂರಿನ ಪತ್ರ ಸಿಕ್ಕಿತು, ಚೀಲ ಸಿಗಲಿಲ್ಲ. ವಾಪಸು ಬಂದಾಗ ಹುಡುಗ ಹ್ಯಾಂಡಲ್ ಎರಡೂ ಕೈಯಲ್ಲಿ ಹಿಡಿದು ಹಾಗೆಯೇ ಕೂತಿದ್ದ. ಬಿಸಿಲು ಅವನ ಮುಖದ ಮೇಲೇ ಬೀಳುತ್ತಿತ್ತು. ನೆರಳಿಗೆ ಹೋಗಿರಲಿಲ್ಲ.

ಗಡಿಯಲ್ಲಿ ಆ ಪತ್ರ ಹಿಡಿದು ಐದು ಗಂಟೆ ಕಾದೆ. ಒಳಗೆ ಬಂದ ದಿನದ ದಾಖಲೆ ಹುಡುಕಿ, ದಂಡ ಕಟ್ಟಿಸಿಕೊಂಡು, ಕತ್ತಲಾದ ಮೇಲೆ ಬಿಟ್ಟರು.

ನನ್ನ ಕಥೆ ಕೆಲವೇ ದಿನಗಳದ್ದು. 2025ರಲ್ಲಿ ಮುಂಬೈನ ಇನ್ನೊಬ್ಬ ಸವಾರನಿಗೆ ಆದದ್ದು ಓದಿದಾಗ ಆ ತಣ್ಣಗಿನ ಅನುಭವ ಮತ್ತೆ ಮರಳಿತು. ಯೋಗೇಶ್ ಆಲೆಕರಿ, 33 ವರ್ಷ, ಆ ವರ್ಷದ ಮೇ 1ರಂದು ಮುಂಬೈನಿಂದ ಕೆಟಿಎಂ 390 ಅಡ್ವೆಂಚರ್ ಬೈಕಿನಲ್ಲಿ ಒಬ್ಬರೇ ಲಂಡನ್ನಿನ ಕಡೆಗೆ ಹೊರಟರು. ಸುಮಾರು ನಾಲ್ಕು ತಿಂಗಳಲ್ಲಿ 17 ದೇಶ, 24,000 ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ ಇಂಗ್ಲೆಂಡ್ ಮುಟ್ಟಿದರು. ಅಲ್ಲಿಂದ ಆಫ್ರಿಕಾಕ್ಕೆ ಹೋಗುವ ಯೋಜನೆ. ಆಗಸ್ಟ್ ಕೊನೆಯ ವಾರ ನಾಟಿಂಗ್‌ಹ್ಯಾಮ್‌ನ ವೊಲಾಟನ್ ಪಾರ್ಕ್ ಹತ್ತಿರ ಬೈಕ್ ನಿಲ್ಲಿಸಿ ತಿಂಡಿ ತಿನ್ನಲು ಹೋದರು. ಹಾಡಹಗಲು. ಮೊಪೆಡ್‌ಗಳಲ್ಲಿ ಬಂದವರು ಬೀಗ ಒಡೆದು ಬೈಕ್ ಒಯ್ದರು. ಪಾಸ್‌ಪೋರ್ಟ್, ದಾಖಲೆಗಳು, ಕ್ಯಾಮೆರಾ, ಹಣ ಎಲ್ಲವೂ ಆ ಬೈಕಿನ ಪೆಟ್ಟಿಗೆಗಳಲ್ಲಿದ್ದವು.

ಸುದ್ದಿ ಓದಿದವರಲ್ಲಿ ಕೆಲವರು ಪಾಸ್‌ಪೋರ್ಟನ್ನು ಗಾಡಿಯಲ್ಲಿ ಏಕೆ ಬಿಟ್ಟ ಎಂದು ಕೇಳಿದರು. ಒಬ್ಬರೇ ಹೋದವರು ಹಾಗೆ ಕೇಳುವುದಿಲ್ಲ. ನಾಲ್ಕು ತಿಂಗಳ ಮನೆಯೇ ಆ ಗಾಡಿ. ಬಟ್ಟೆ, ಒಲೆ, ಹಾಸಿಗೆ, ಉಪಕರಣ ಎಲ್ಲವನ್ನೂ ಬಿಚ್ಚಿ ಹೊತ್ತುಕೊಂಡು ಪ್ರತಿ ಸಲ ಚಹಾ ಕುಡಿಯಲು ಹೋಗಲಾಗುವುದಿಲ್ಲ. ಇಬ್ಬರಿದ್ದರೆ ಒಬ್ಬ ನಿಲ್ಲುತ್ತಾನೆ. ಒಬ್ಬನಿದ್ದರೆ ಊರನ್ನು ನಂಬಬೇಕು. 17 ದೇಶಗಳ ನೂರಾರು ಊರುಗಳಲ್ಲಿ ಅವರು ಹಾಗೆ ನಂಬಿ ತಿಂದು ಎದ್ದು ಬಂದಿದ್ದರು, ಗಾಡಿ ಅಲ್ಲೇ ಇತ್ತು. ಅದು ಸುದ್ದಿಯಾಗುವುದಿಲ್ಲ.

ಮುಂದಿನ ಭಾಗ ನನಗೆ ಇನ್ನೂ ಪ್ರಿಯ. ಸುದ್ದಿ ತಿಳಿದು ಹತ್ತಿರದ ಮ್ಯಾನ್ಸ್‌ಫೀಲ್ಡ್ ಊರಿನ ಬೈಕ್ ಅಂಗಡಿಯೊಂದು ಅದೇ ಮಾದರಿಯ ಕೆಟಿಎಂ ಬೈಕನ್ನು ಅವರಿಗೆ ಉಚಿತವಾಗಿ ಕೊಟ್ಟಿತು. ಕಂಡು ಕೇಳಿರದ ಮನುಷ್ಯನಿಗೆ, ತಮ್ಮ ಜಿಲ್ಲೆಯಲ್ಲಿ ಹೀಗಾಯಿತೆಂಬ ಒಂದೇ ಕಾರಣಕ್ಕೆ. ನಾರಾಯಣಗಢದ ದಿದಿಯ ಸಂಕಟವೂ ಇದೇ ಆಗಿತ್ತು.

ಇಂಥ ಕಳವಿನಲ್ಲಿ ಹೊರಗಿನವರಿಗೆ ಕಾಣದ ಇನ್ನೊಂದು ಕಷ್ಟವಿದೆ, ಕಾಗದದ ಕಷ್ಟ. ಬ್ರಿಟನ್, ಯುರೋಪಿನಲ್ಲಿ ಪ್ರವಾಸಿಯ ಗಾಡಿ ಕೆಲವು ತಿಂಗಳು ಇರಲು ವಿಶೇಷ ಸುಂಕಪತ್ರ ಬೇಕಿಲ್ಲ. ಇರಾನ್ ಮತ್ತು ಆಫ್ರಿಕಾದ ಅನೇಕ ದೇಶಗಳಿಗೆ ಮಾತ್ರ ‘ಕಾರ್ನೆ’ ಎಂಬ ಪುಸ್ತಕ ಬೇಕು. ಅದು ಗಾಡಿಯ ಪಾಸ್‌ಪೋರ್ಟ್. ಈ ಗಾಡಿಯನ್ನು ನಿಮ್ಮಲ್ಲಿ ಮಾರುವುದಿಲ್ಲ, ವಾಪಸು ತರುತ್ತೇವೆ ಎಂಬ ಜಾಮೀನು. ಮುಂಬೈನವರು ಇಂಥ ಕಾಗದಗಳಿಗೆ ಹೋಗುವುದು ಚರ್ಚ್‌ಗೇಟಿನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ಗೆ. 1919ರಿಂದ ಇರುವ ಸಂಸ್ಥೆ. ಪುಸ್ತಕದ ಪ್ರತಿ ಹಾಳೆಗೂ ಮೂರು ತುಂಡು: ದೇಶದೊಳಗೆ ಬಂದಾಗ ಒಂದು ತುಂಡನ್ನು ಸುಂಕದವರು ಹರಿದುಕೊಳ್ಳುತ್ತಾರೆ, ಹೊರಟಾಗ ಇನ್ನೊಂದನ್ನು, ಎರಡೂ ಮುದ್ರೆ ಬಿದ್ದ ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ. ಹೊರಬಂದ ಮುದ್ರೆಯಿಲ್ಲದಿದ್ದರೆ ಆ ದೇಶ ಗಾಡಿಯ ಪೂರ್ತಿ ಸುಂಕ ಕೇಳುತ್ತದೆ. ಆ ಹಣ ಕೊನೆಗೆ ಬರುವುದು ಮಾಲೀಕ ಬ್ಯಾಂಕಿನಲ್ಲಿಟ್ಟ ಜಾಮೀನಿನಿಂದ. ಅಂಥ ದೇಶದಲ್ಲಿ ಗಾಡಿ ಕಳವಾದರೆ, ಅದನ್ನು ಮಾರಿಲ್ಲ, ಕಳೆದುಕೊಂಡೆ ಎಂದು ಸಾಬೀತು ಮಾಡುವ ಹೊಣೆ ಕಳೆದುಕೊಂಡವನದೇ.

1923ರ ಹುಡುಗರಿಗೆ ಬಲೂಚಿಸ್ತಾನ ದಾಟುವ ತನಕ ಇಂಥ ಗಡಿ ಇರಲಿಲ್ಲ. ಇವತ್ತು ಮುಂಬೈನಿಂದ ಪಶ್ಚಿಮಕ್ಕೆ ನೇರ ರಸ್ತೆಯೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಅಟ್ಟಾರಿಯ ಗಡಿ ಮುಚ್ಚಿತು. ಪೂರ್ವದ ಮೋರೆ ಗಡಿಬಾಗಿಲ ಆಚೆ, ಮ್ಯಾನ್ಮಾರಿನಲ್ಲಿ, 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅಂತರ್ಯುದ್ಧ. ಉಳಿದದ್ದು ನೇಪಾಳದಿಂದ ಟಿಬೆಟ್ ಸೇರುವ ದಾರಿ. ಅದರ ರಸುವಾಗಢಿ ಸೇತುವೆಯೂ 2025ರ ಜುಲೈ 8ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಆ ಗಡಿ ದಾಟಿದರೆ ರಸ್ತೆಯ ಎಡಬದಿಯಿಂದ ಬಲಬದಿಗೆ ಹೊರಳಬೇಕು. ಅಲ್ಲಿಂದ ಮಧ್ಯ ಏಷ್ಯಾ, ಟರ್ಕಿ, ಯುರೋಪ್ ಎಲ್ಲ ಬಲಬದಿಯೇ. ಮತ್ತೆ ಎಡ ಸಿಗುವುದು ಇಂಗ್ಲೆಂಡಿನಲ್ಲಿ. ಟಿಬೆಟಿನಲ್ಲಿ ಹೊರಗಿನವರು ಒಬ್ಬರೇ ಗಾಡಿ ಓಡಿಸುವಂತಿಲ್ಲ. ಪರವಾನಗಿ ಬೇಕು, ಜೊತೆಗೆ ಸ್ಥಳೀಯ ಮಾರ್ಗದರ್ಶಿ ಇರಲೇಬೇಕು. ಅವನ ಖರ್ಚು ಹಂಚಿಕೊಳ್ಳಲು ಒಂಟಿ ಸವಾರರು ನಾಲ್ಕೈದು ಜನ ಕೂಡಿಕೊಂಡು ಆ ಹಾದಿ ದಾಟುತ್ತಾರೆ. ದಾವರ್‌ಗೆ ವಿಯೆನ್ನಾದಲ್ಲಿ ಸಿಕ್ಕದ್ದು ಇವರಿಗೆ ಕಾಠ್ಮಂಡುವಿನಲ್ಲಿ ಸಿಗುತ್ತದೆ, ಹದಿನೈದು ದಿನದ ಮಟ್ಟಿಗೆ.

ಒಬ್ಬರೇ ಹೊರಡಬೇಕೆಂದಿರುವ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ. ನಾನು ಬೇಡ ಎನ್ನುವುದಿಲ್ಲ. ಪಾಸ್‌ಪೋರ್ಟ್ ಸೊಂಟದಲ್ಲಿರಲಿ, ಗಾಡಿಯಲ್ಲಿ ಬೇಡ. ಪ್ರತಿ ಕಾಗದದ ಚಿತ್ರ ಮನೆಯವರ ಫೋನಿನಲ್ಲಿರಲಿ. ಕೇಬಲ್ ಒಂದು ಹೆಚ್ಚಿಗೆ ಒಯ್ಯಿರಿ. ಗಾಡಿ ಕಣ್ಣಿಗೆ ಕಾಣುವಲ್ಲಿ ಕೂತು ಉಣ್ಣಿರಿ ಎನ್ನುತ್ತೇನೆ. ಜೊತೆಗೆ, ನಿಂತಲ್ಲೆಲ್ಲ ಒಬ್ಬರ ಹೆಸರು ಕೇಳಿಕೊಳ್ಳಿ, ನಿಮ್ಮ ಹೆಸರು ಹೇಳಿ. ಚಹಾ ಅಂಗಡಿಯವನಿಗೆ, ಪಂಕ್ಚರ್ ಹಾಕುವವನಿಗೆ, ಪೆಟ್ರೋಲ್ ಬಂಕಿನ ಹುಡುಗಿಗೆ. ಒಂದು ಮಾತು ಆಡಿದವರು ನಿಮ್ಮ ಗಾಡಿಯ ಕಡೆ ಒಮ್ಮೆಯಾದರೂ ತಿರುಗಿ ನೋಡುತ್ತಾರೆ. ನಾರಾಯಣಗಢದಲ್ಲಿ ನಾನು ತಲೆ ತಗ್ಗಿಸಿ ಹಸಿದು ಕೂತವನು, ಯಾರಿಗೂ ಏನೂ ಹೇಳದೆ ಹಿತ್ತಲಿಗೆ ಹೋಗಿದ್ದೆ.

ಡೊಂಬಿವಲಿಗೆ ಮರಳಿದ್ದು ರಾತ್ರಿ ಹನ್ನೊಂದಕ್ಕೆ. ಕಟ್ಟಡದ ಗೇಟಿನ ಹತ್ತಿರ ಹಾರ್ನ್ ಹೊಡೆದೆ. ಅಮ್ಮ ಮೂರು ಮಹಡಿ ಇಳಿದು ಚಪ್ಪಲಿಯಿಲ್ಲದೆ ಬಂದಳು. ನನ್ನ ಮುಖ, ಕೈ, ಗಾಡಿಯ ಟ್ಯಾಂಕಿನ ಮೇಲೆ ಖಾಲಿಯಾಗಿದ್ದ ಜಾಗ ಎಲ್ಲ ನೋಡಿದಳು. ಏನೂ ಕೇಳಲಿಲ್ಲ. ನಾನು ಒಂದು ಚೀಲ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಇನ್ನೊಂದಕ್ಕೆ ಕೈ ಹಾಕಿದೆ. ಎರಡನ್ನೂ ಒಂದೇ ಸಲಕ್ಕೆ ಒಯ್ಯಲು ಹೆಣಗುತ್ತಿದ್ದುದನ್ನು ಕಂಡು ಅವಳು ಸೀಟಿನ ಮೇಲೆ ಕೈಯಿಟ್ಟು ನಿಂತಳು.

‘ಒಂದನ್ ಇಟ್ಟಿಕ್ ಬಾ. ನಾನ್ ಕಾಂತೆ.’